ಒಂದು ಮೆಟ್ಟಿಲು ಕಡಿಮೆಯ ತುಳಸಿಕಟ್ಟೆ

ಆ ಮಧ್ಯಾಹ್ನ ಹುನಗುಂದದ ನನ್ನ ತವರುಮನೆಯ ಪಡಸಾಲೆಯಲ್ಲಿ ನಾಲ್ಕು ಜನ ಇದ್ದೆವು. ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತ ದೊಡ್ಡವ್ವ, ಆಕೆಯ ಎದುರಿಗೆ ಕಂಬಕ್ಕೆ ಒರಗಿದ ನಮ್ಮವ್ವ, ಇಬ್ಬರ ನಡುವೆ ಬಾಯಿ ತೆರೆದ ಕರಿ ಟ್ರಂಕು, ಟ್ರಂಕಿನ ಪಕ್ಕ ನಾನು, ಬಾಗಿಲ ಬೆಳಕಿಗೆ ಮೊಬೈಲು ಹಿಡಿದ ನನ್ನ ಮಗಳು. ದೊಡ್ಡವ್ವ ಅಂದರೆ ಅಪ್ಪನ ಅಣ್ಣನ ಹೆಂಡತಿ. ಅವ್ವ, ದೊಡ್ಡವ್ವ ಇಬ್ಬರೂ ಇದೇ ಮನೆಗೆ ಸೊಸೆಯಾಗಿ ಬಂದು ಇದೇ ಒಲೆಯ ಮುಂದೆ ತಲೆ ಬೆಳ್ಳಗೆ ಮಾಡಿಕೊಂಡವರು. ತಮ್ಮ ಹೊಲಕ್ಕೆ ಹೋಗಿದ್ದ. ಅವನ ಹೆಂಡತಿ ಶಾಲೆಯಲ್ಲಿ ಟೀಚರು, ಅವಳು ಬರುವುದು ಸಂಜೆಗೆ.

ನನ್ನನ್ನು ಕೊಟ್ಟದ್ದು ಇಲಕಲ್ಲಿಗೆ. ದೂರವೇನಿಲ್ಲ, ಬಸ್ಸು ಹತ್ತಿ ಒಂದು ಮಾತು ಮುಗಿಯುವುದರೊಳಗೆ ಹುನಗುಂದ. ಹಾಗಾಗಿ ಮಹಾನವಮಿ ಹತ್ತಿರ ಬಂತೆಂದರೆ ಎರಡು ದಿನ ಬಂದು ಇದ್ದುಬಿಡುತ್ತೇನೆ. ನಮ್ಮ ಕಡೆ ಹಬ್ಬಕ್ಕೆ ಮೊದಲು ಮನೆಯ ಹಾಸಿಗೆ ಹೊದಿಕೆಯೆಲ್ಲ ಒಗೆದು ಒಣಗಬೇಕು, ಟ್ರಂಕಿನ ಸೀರೆಗಳು ಬಿಸಿಲು ಕಾಣಬೇಕು. ಆ ಸಲ ಬಾಗಲಕೋಟೆಯ ಕಾಲೇಜಿನಿಂದ ಮಗಳೂ ಬಂದಿದ್ದಳು. ಸೀರೆ ಮಡಿಸುವ ಕೆಲಸ ಅವಳಿಗೆ ಬೇಡ, ಸೀರೆಯ ಫೋಟೊ ಬೇಕು.

ಹಳೆಯ ದಾಳಿಂಬೆ ಬಣ್ಣದ ಸೀರೆಯೊಂದನ್ನು ಬಿಡಿಸುತ್ತಿದ್ದಾಗ ಅದರ ಒಳಮೂಲೆಯಲ್ಲಿ ಉಗುರಿನಷ್ಟಗಲದ ಬಿಳಿ ಕಲೆ ಕಂಡು ಅವಳು ಮುಖ ಸಿಂಡರಿಸಿದಳು.

"ಇಲ್ಲಿ ನೋಡ ಬೇ, ಇದಕ್ಕ ಹುಳಾ ಹತ್ಯಾವು."

"ಹುಳಾ ಅಲ್ಲವ್ವಾ," ಎಂದಳು ದೊಡ್ಡವ್ವ. "ನಿಮ್ಮಜ್ಜಿ ಅದು."

ಹುಡುಗಿ ನಕ್ಕಳು. ದೊಡ್ಡವ್ವ ನಗಲಿಲ್ಲ. ಸೀರೆಯ ಮೂಲೆಯ ಕಡೆ ಬಾಗಿ, ಕಣ್ಣಿನ ಆಪರೇಶನ್ ಆದ ಮೇಲೆ ಕೊಟ್ಟ ಚಸ್ಮಾ ಏರಿಸಿ, ಮುಟ್ಟದೆ ಬೆರಳು ಮಾಡಿ ತೋರಿಸಿದಳು. ಬಿಳಿ ನೂಲಿನ ಕಸೂತಿ. ಎಳೆ ಎಣಿಸಿ ಹಾಕಿದ ಒಂದು ತುಳಸಿಕಟ್ಟೆ. ಬಲಗಡೆ ಮೂರು ಮೆಟ್ಟಿಲು, ಎಡಗಡೆ ಎರಡೇ.

ಈ ಗುರುತುಗಳ ನಡುವೆಯೇ ಬೆಳೆದ ನನಗೆ ಅದರಲ್ಲಿ ಹೇಳುವಂಥದ್ದು ಏನಾದರೂ ಇದೆ ಎಂದು ಅನ್ನಿಸಿಯೇ ಇರಲಿಲ್ಲ. ಮಗಳಿಗೆ ವಿವರಿಸಲು ಹೋದಾಗಲೇ ನನಗೂ ಅದು ಕಂಡದ್ದು. ಒಂದು ಕಾಲಕ್ಕೆ ಈ ಮನೆಯಲ್ಲಿ ಏಳು ಜನ ಹೆಂಗಸರು. ನಮ್ಮಜ್ಜ ಸೀರೆ ತರುವುದು ಇಲಕಲ್ಲಿನ ಒಂದೇ ಮಗ್ಗದಿಂದ. ತಂದರೆ ಏಳೂ ಒಂದೇ ಬಣ್ಣ, ಒಂದೇ ದಡಿ, ಒಂದೇ ಕೆಂಪು ಸೆರಗು. ಅವಳಿಗೆ ಚೆಂದದ್ದು ಕೊಟ್ಟಿರಿ, ನನಗೆ ಕೊಡಲಿಲ್ಲ ಎಂಬ ಮಾತು ಬರಬಾರದೆಂದು ಅಜ್ಜನ ಉಪಾಯ. ಉಪಾಯವೇನೋ ಸರಿ, ಆದರೆ ಏಳೂ ಸೀರೆ ಒಗೆದು ಒಂದೇ ಹಗ್ಗಕ್ಕೆ ಹಾಕಿದ ಮೇಲೆ ಯಾವುದು ಯಾರದು? ಅದಕ್ಕೆ ನಮ್ಮ ಆಯಿ, ಅಪ್ಪನ ತಾಯಿ, ಒಂದು ಕಟ್ಟಳೆ ಮಾಡಿದ್ದಳು. ಸೊಸೆಯಾಗಿ ಬಂದವಳು ಮೊದಲ ವಾರದಲ್ಲೇ ತನ್ನದೊಂದು ಗುರುತು ಆರಿಸಿಕೊಳ್ಳಬೇಕು, ತನ್ನ ಪ್ರತಿ ಸೀರೆಯ ಒಳಮೂಲೆಗೆ ಅದನ್ನು ಹಾಕಬೇಕು. ಕಸೂತಿಗೆ ಗಂಟಿಲ್ಲ, ಮೇಲೂ ಕೆಳಗೂ ಒಂದೇ ಚಿತ್ರ ಮೂಡುತ್ತದೆ. ಸೀರೆ ಹೇಗೇ ಮಡಿಸಿರಲಿ, ಮೂಲೆ ತಿರುವಿದರೆ ಒಡತಿ ಗೊತ್ತು.

"ಅಜ್ಜೀ, ಎಡಕ್ಕ ಒಂದ ಮೆಟ್ಟಲಾ ಎಲ್ಲಿ ಹೋತು?" ಎಂದು ಮಗಳು ಅವ್ವನನ್ನು ಕೇಳಿದಳು.

"ನೂಲ ಮುಗೀತವ್ವಾ," ಎಂದಳು ಅವ್ವ. "ಹೊಸಾ ಸೊಸಿ ನಾ. ಇನ್ನೊಂದೀಟ ನೂಲ ಕೊಡ್ರಿ ಅತ್ತಿ ಅಂದ್ರ, ನಿಮ್ಮ ಮುತ್ತಜ್ಜಿ ಏನಂದ್ಲು ಗೊತ್ತನ? 'ಸಾಕ ಬಿಡು. ಪೂರಾ ಕಟ್ಟಿ ಯಾರರ ಹಾಕ್ಯಾರು. ಮೆಟ್ಟಲಾ ಕಡಿಮಿ ಇದ್ದ ಕಟ್ಟಿ ನಿನ್ನ ಬಿಟ್ಟರ ಯಾರೂ ಹಾಕೂದಿಲ್ಲ. ಇದ ನಿನ್ನ ಗುರುತು.' ಆವತ್ತಿನಿಂದ ಅಷ್ಟ ಹಾಕ್ಕೋಂತ ಬಂದೇನಿ. ಹಾಕಬೇಕಂದ್ರೂ ಈಗ ಆ ಮೂರನೇದು ಕೈಗೆ ಬರೂದಿಲ್ಲ."

ಮಗಳು ಆ ಸಂಜೆಯೊಳಗೆ ಟ್ರಂಕಿನ ಅಷ್ಟೂ ಸೀರೆಗಳ ಮೂಲೆಯ ಫೋಟೊ ತೆಗೆದು, ತಾನು ನಡೆಸುವ ಒಂದು ಪುಟಕ್ಕೆ ಏರಿಸಿದಳು. ಫೋಟೊ ಹಾಕುವ ಆ ತಾಣದಲ್ಲಿ ಪ್ರತಿ ಚಿತ್ರದ ಕೆಳಗೆ ಟ್ಯಾಗ್ ಎಂದು ಒಂದು ಚೀಟಿ ಅಂಟಿಸಬಹುದಂತೆ. ಅದೇ ಚೀಟಿ ಇರುವ ಚಿತ್ರಗಳು, ಯಾರೇ ಹಾಕಿರಲಿ, ಒಂದೇ ಕಡೆ ಕೂಡಿ ಬರುತ್ತವಂತೆ. ಅವಳು ಎಲ್ಲಕ್ಕೂ ಇಲಕಲ್ಲ ಸೀರೆ ಎಂಬ ಚೀಟಿ ಹಚ್ಚಿದಳು.

ರೊಟ್ಟಿ ಬಡಿಯುವ ಹೊತ್ತಿಗೆ ದೊಡ್ಡವ್ವ ಕೇಳಿದಳು. "ಎಲ್ಲಿ, ನಮ್ಮ ಸೀರಿ ತೋರಸು."

ಹುಡುಗಿ ಚೀಟಿ ಒತ್ತಿದಳು. ತೆರೆ ತುಂಬ ಸೀರೆಗಳು ಸುರಿದವು. ಅಂಗಡಿಯ ಗೊಂಬೆಗೆ ಉಡಿಸಿದ್ದು, ಮದುಮಗಳು ಉಟ್ಟದ್ದು, ಇಷ್ಟಕ್ಕೆ ಕೊಂಡರೆ ಇಷ್ಟು ಬಿಡುವುದು ಎಂದು ಕೂಗುವವು. ಬೆರಳಿನಿಂದ ತಳ್ಳಿದಷ್ಟೂ ಬಂದವು, ನಮ್ಮವು ಮಾತ್ರ ಬರಲಿಲ್ಲ.

"ಅಯ್ಯ ಇದರ," ಎಂದಳು ದೊಡ್ಡವ್ವ. "ಊರ ಮಂದಿ ಸೀರಿ ಎಲ್ಲಾ ಒಂದ ಹಗ್ಗಕ್ಕ ಹಾಕೀಯಲ್ಲ ಹುಡುಗೀ, ನಮ್ಮವು ಹೆಂಗ ಸಿಗಬೇಕು? ಗುರುತು ಹಾಕಬೇಕಿಲ್ಲೋ?"

ಮಗಳು ತೆರೆಯ ಮೇಲಿಟ್ಟ ಬೆರಳನ್ನು ತೆಗೆಯದೆ ದೊಡ್ಡವ್ವನನ್ನೇ ನೋಡಿದಳು. ಬಾಗಲಕೋಟೆಯಲ್ಲಿ ಯಾರೂ ಅವಳಿಗೆ ಹೀಗೆ ಬಿಡಿಸಿ ಹೇಳಿರಲಿಲ್ಲ. ತನ್ನದಕ್ಕೆ ತನ್ನದೇ ಚೀಟಿ ಬೇಕು, ಅದು ಬೇರೆ ಯಾರಿಗೂ ಹೊಳೆಯದಂಥದ್ದಾಗಿರಬೇಕು. ನಮ್ಮ ಆಯಿ ಆ ಮಾತನ್ನು ನೂಲಿನಲ್ಲಿ ಹೇಳಿ ಎಷ್ಟೋ ಕಾಲವಾಗಿತ್ತು.

ಚೀಟಿಗೆ ಮಾತು ಹುಡುಕುವ ಕೆಲಸ ಒಲೆಯ ಮುಂದೆಯೇ ಶುರುವಾಯಿತು. ಆಯಿಯದು ನಾಲ್ಕು ಚುಕ್ಕಿ, ಅದಕ್ಕೆ ತಕರಾರಿರಲಿಲ್ಲ, ನಾಕಚುಕ್ಕಿ ಎಂದಾಯಿತು. ದೊಡ್ಡವ್ವನದು ಆನೆ.

"ಆನಿ ಅಂತ ಬರೀಬ್ಯಾಡ," ಎಂದಳು ಅವ್ವ, ಹಂಚಿನ ಮೇಲಿನ ರೊಟ್ಟಿ ತಿರುವುತ್ತ. "ಮಂದಿ ನೋಡಿದ್ರ ಹಂದಿ ಅಂತಾರ. ಸೊಂಡಿಲ ಎಲ್ಲೈತಿ ಅದಕ್ಕ?"

"ಸೊಂಡಿಲ ಮಡಚೇತಿ ಅದು. ನಿನ್ನ ಕಟ್ಟಿ ಹತ್ತಾಕ ಬಂದ್ರ ಮೆಟ್ಟಲಾ ಇಲ್ಲಂತ ತಿರಿಗಿ ನಿಂತೈತಿ."

ಕೊನೆಗೆ ದೊಡ್ಡವ್ವನ ಚೀಟಿ ಮಡಚಿದಸೊಂಡಿಲ ಎಂದಾಯಿತು. ಅವ್ವನದು ತುಳಸಿಕಟ್ಟಿಮೆಟ್ಟಲಕಡಿಮಿ. ಮಗಳು ಅಕ್ಷರಗಳ ನಡುವೆ ಜಾಗ ಬಿಡದೆ, ಅವರು ಹೇಳಿದ ಹಾಗೆಯೇ ಒತ್ತಿಕೊಂಡು ಹೋದಳು.

ಮರುದಿನ ಬೆಳಿಗ್ಗೆ ಅವಳು ದೊಡ್ಡವ್ವನ ಬೆರಳು ಹಿಡಿದು ನಾಕಚುಕ್ಕಿಯ ಮೇಲೆ ಒತ್ತಿಸಿದಳು. ಬೇರೆಲ್ಲ ಸರಿದು ಹೋಗಿ ಆಯಿಯ ಸೀರೆಗಳಷ್ಟೇ ಸಾಲಾಗಿ ಬಂದು ನಿಂತವು. ಆಕೆ ಮದುವೆಯಲ್ಲಿ ಉಟ್ಟದ್ದು, ಉಟ್ಟು ಉಟ್ಟು ಅಂಚು ಸವೆದದ್ದು, ಕೊನೆಗಾಲದಲ್ಲಿ ದವಾಖಾನೆಗೆ ಉಟ್ಟುಕೊಂಡು ಹೋದದ್ದು. ಟ್ರಂಕಿನಲ್ಲಿ ಅವು ಏಳು ಜನರ ಸೀರೆಗಳ ನಡುವೆ ಒಂದೊಂದು ಕಡೆ ಇದ್ದವು. ಒಟ್ಟಿಗೆ ಅವನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ, ಆಯಿಯೂ ನೋಡಿರಲಿಕ್ಕಿಲ್ಲ. ದೊಡ್ಡವ್ವ ಮೊಬೈಲಿಗೆ ಕೈ ಮುಗಿದಳು.

"ಅತ್ತಿ ಬಂದ್ಲು ನೋಡು," ಎಂದಳು, ಮೆಲ್ಲಗೆ.

ಸತ್ತು ಇಪ್ಪತ್ತು ವರ್ಷವಾದ ಹೆಂಗಸು, ಓದು ಬರಹ ಇಲ್ಲದವಳು, ನಾಲ್ಕು ಚುಕ್ಕಿಯ ಹಿಂದೆ ಇಡೀ ಆಯುಷ್ಯವನ್ನು ಸಾಲಾಗಿ ನಿಲ್ಲಿಸಿದ್ದಳು.

ಆಮೇಲೆ ದೊಡ್ಡವ್ವ ಕೇಳಿದಳು, ಮಗಳನ್ನೇ, ಆದರೆ ಅವ್ವನಿಗೆ ಕೇಳಿಸುವಂತೆ. "ಕಳದ ಸೀರಿನೂ ಸಿಗತೈತೇನ ಇದರಾಗ?"

"ಫೋಟೊ ಹಾಕಿದ್ದಷ್ಟ ಸಿಗತಾವ ದೊಡ್ಡಜ್ಜಿ."

"ನಾ ಸಾಯೂದ್ರೊಳಗ ಒಂದ ಸೀರಿ ನನ್ನ ಕಣ್ಣಿಗೆ ಬೀಳಬೇಕವ್ವಾ. ಉಡಾಕಲ್ಲ. ತೋರಸಾಕ."

ಅವ್ವ ಎದ್ದು ಹಿತ್ತಲಿಗೆ ಹೋದಳು. ಮಗಳು ನನ್ನ ಕಡೆ ನೋಡಿದಳು. ಹೇಳಲೇಬೇಕಾಯಿತು.

ನನಗೆ ಐದು ತುಂಬಿದ ವರ್ಷ ಅವ್ವ ಹೆರಿಗೆಗೆ ಬಾದಾಮಿಗೆ ಹೋದಳು, ಅದು ಆಕೆಯ ತವರು. ಹೆರಿಗೆ ಕಷ್ಟವಾಯಿತು. ತಮ್ಮ ಹುಟ್ಟಿದ. ಅವ್ವ ಎರಡು ತಿಂಗಳು ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲದೆ ಮಲಗಿದಳು. ಐದು ತಿಂಗಳ ಕೂಸನ್ನು ಎತ್ತಿಕೊಂಡು ಹುನಗುಂದಕ್ಕೆ ಬಂದು ಟ್ರಂಕು ತೆಗೆದರೆ ಆಕೆಯ ಧಾರೆ ಸೀರೆ ಇಲ್ಲ. ಆಕೆಯ ಅಪ್ಪ ಮಗ್ಗದ ಮುಂದೆ ಕೂತು ನೇಯಿಸಿದ್ದ ಸೀರೆ, ಮದುವೆಯ ದಿನ ಬಿಟ್ಟರೆ ಮತ್ತೆ ಉಟ್ಟದ್ದಿಲ್ಲ. ಅಷ್ಟು ದಿನ ಕೀಲಿ ಇದ್ದದ್ದು ದೊಡ್ಡವ್ವನ ಸೊಂಟದಲ್ಲಿ. ಮೇಲಾಗಿ, ಆಗ ತಾನೆ ಹಳೆ ಸೀರೆಗೆ ಪಾತ್ರೆ ಕೊಡುವವನು ಓಣಿಗೆ ಬಂದಿದ್ದ, ದೊಡ್ಡವ್ವ ತನ್ನ ಹಳೆಯ ಸೀರೆಗಳನ್ನು ಹಾಕಿ ಒಂದು ಸ್ಟೀಲಿನ ಕೊಡ ತೆಗೆದುಕೊಂಡಿದ್ದಳು.

ಅವ್ವ ಕೊಡವನ್ನು ನೋಡಿ ಒಂದೇ ಮಾತು ಅಂದಳಂತೆ. "ಅಕ್ಕಾ, ಆ ಕೊಡದಾಗ ನನ್ನ ಧಾರಿ ಸೀರಿ ಐತಿ."

ದೊಡ್ಡವ್ವನೂ ಒಂದೇ ಮಾತು ಅಂದಳು. "ನಿನ್ನ ಸೀರಿ ನಾ ಮುಟ್ಟಿಲ್ಲ. ಇನ್ನ ಮುಟ್ಟೂದೂ ಇಲ್ಲ."

ಅಲ್ಲಿಗೆ ಜಗಳ ಮುಗಿಯಿತು, ಮುಗಿಯಲೂ ಇಲ್ಲ. ಇಬ್ಬರೂ ಒಂದೇ ತಾಟಿನಲ್ಲಿ ಉಂಡರು. ದೊಡ್ಡವ್ವನಿಗೆ ಟೈಫಾಯ್ಡ್ ಆದಾಗ ಅವ್ವ ಆಕೆಯನ್ನು ಕೂಸಿನಂತೆ ನೋಡಿಕೊಂಡಳು. ಅಪ್ಪ ತೀರಿದಾಗ ಅವ್ವನನ್ನು ಎದೆಗವಚಿಕೊಂಡವಳು ದೊಡ್ಡವ್ವ. ಆದರೆ ಅವ್ವ ಆ ಕೊಡದ ನೀರು ಕುಡಿಯಲಿಲ್ಲ, ಕೊನೆಗೆ ಕೊಡ ಅಟ್ಟ ಸೇರಿತು. ದೊಡ್ಡವ್ವ ಅವ್ವನ ಒಗೆದ ಬಟ್ಟೆ ಮುಟ್ಟಲಿಲ್ಲ. ಹಿತ್ತಲಲ್ಲಿ ಬಟ್ಟೆ ಒಣಗುತ್ತಿರುವಾಗ ಮಳೆ ಬಂದರೆ ಓಡಿ ಹೋಗಿ ಎಲ್ಲರ ಬಟ್ಟೆ ತೆಗೆಯುತ್ತಿದ್ದಳು, ಮೂಲೆ ತಿರುವಿ ತುಳಸಿಕಟ್ಟೆ ಕಂಡದ್ದನ್ನು ಹಗ್ಗದ ಮೇಲೆಯೇ ಬಿಟ್ಟು ಬರುತ್ತಿದ್ದಳು. ಶಾಲೆಯಿಂದ ಬರುವಾಗ ತೊಯ್ದು ಜೋತುಬಿದ್ದ ಒಂಟಿ ಸೀರೆಯನ್ನು ನಾನು ಎಷ್ಟು ಸಲ ನೋಡಿದ್ದೇನೋ. ಅವ್ವ ಸುಳ್ಳು ಹೇಳಿದಳು ಎಂದು ದೊಡ್ಡವ್ವ ಎಂದೂ ಅನ್ನಲಿಲ್ಲ. ತನ್ನ ಮಾತನ್ನು ತಂಗಿಯಂಥವಳು ನಂಬಲಿಲ್ಲ ಎಂಬುದಷ್ಟೇ ಆಕೆಯ ಒಳಗೆ ಮುರಿದ ಮುಳ್ಳಾಗಿ ಉಳಿಯಿತು.

ಹಬ್ಬ ಮುಗಿಸಿ ನಾವು ನಮ್ಮ ನಮ್ಮ ಊರಿಗೆ ಹೋದೆವು. ದೀಪಾವಳಿ ಕಳೆದು ನಾಲ್ಕೈದು ದಿನಕ್ಕೆ, ನಾನು ಇಲಕಲ್ಲಿನಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಿರುವಾಗ, ಬಾಗಲಕೋಟೆಯಿಂದ ಮಗಳ ಫೋನು.

"ಅವ್ವಾ, ಅಜ್ಜಿ ಟ್ಯಾಗ್‌ನ್ಯಾಗ ನಾವು ಹಾಕಿದ್ದು ಎಷ್ಟ ಫೋಟೊ?"

"ನನಗೇನ ಗೊತ್ತ? ಹದಿನಾಕೋ ಏನೋ ಅಂದಿದ್ದೆಲ್ಲ."

"ಈಗ ಹದಿನೈದ ಅದಾವು."

ಕೈ ತೊಳೆಯದೆಯೇ ನಾನು ಎಡಗೈಯಲ್ಲಿ ಮೊಬೈಲು ಹಿಡಿದು ನೋಡಿದೆ. ಅವ್ವನ ಹದಿನಾಲ್ಕು ಸೀರೆಗಳ ತಲೆಯ ಮೇಲೆ ನಮ್ಮದಲ್ಲದ ಒಂದು ಚಿತ್ರ ಬಂದು ಕೂತಿತ್ತು. ದೊಡ್ಡದೊಂದು ಕೌದಿ, ಹಳೆ ಬಟ್ಟೆಯ ತುಂಡುಗಳನ್ನು ಪದರ ಪದರವಾಗಿ ಕೂಡಿಸಿ ಹೊಲಿದ ಹೊದಿಕೆ. ಅದರ ಒಂದು ಮೂಲೆಯನ್ನು ಹತ್ತಿರದಿಂದ ತೆಗೆದಿದ್ದರು. ಬಿಳಿ ನೂಲಿನ ತುಳಸಿಕಟ್ಟೆ. ಬಲಕ್ಕೆ ಮೂರು ಮೆಟ್ಟಿಲು, ಎಡಕ್ಕೆ ಎರಡು. ಕೆಳಗೆ ಬರೆದಿತ್ತು: "ಈ ಗುರುತಿನ ಕೌದಿ ನಮ್ಮ ಮನ್ಯಾಗ ಐತ್ರಿ. ನಮ್ಮತ್ತಿ ಮಂದೀದು ಅಂತ ಭಾಳ ವರ್ಷದಿಂದ ಇಟ್ಟಾರ. ನಿಮ್ಮದೇನ್ರಿ?"

ಅದನ್ನು ಹಾಕಿದವಳು, ಮಗಳು ವಿಚಾರಿಸಿದಂತೆ, ಬಾದಾಮಿಯ ಹತ್ತಿರದ ಚೊಳಚಗುಡ್ಡದ ಒಬ್ಬ ಸೊಸೆ. ಕುರಿ ಸಾಕುವ ಮನೆ, ಆಕೆ ಬಿಡುವಿನಲ್ಲಿ ಕಸೂತಿ ಹಾಕಿ ಮಾರುತ್ತಾಳೆ. ಹೊಸ ಮಾದರಿ ನೋಡೋಣ ಎಂದು ತುಳಸಿಕಟ್ಟಿ ಎಂದು ಹುಡುಕಲು ಹೊರಟಿದ್ದಳು. ಆ ಅಕ್ಷರ ಒತ್ತುತ್ತಿದ್ದಂತೆ ತಾಣವೇ ಅದರ ಬಾಲಕ್ಕೆ ನಮ್ಮ ಉದ್ದನೆಯ ಚೀಟಿಯನ್ನು ಜೋಡಿಸಿ ತೋರಿಸಿದೆ. ಇದೆಂಥ ಮೆಟ್ಟಿಲು ಕಡಿಮೆಯ ಕಟ್ಟೆ ಎಂದು ಒತ್ತಿದ್ದಾಳೆ. ಒತ್ತಿದವಳು ಎದ್ದು ಹೋಗಿ ಅತ್ತೆಯ ಸಂದೂಕ ತೆಗೆದಿದ್ದಾಳೆ.

ತಾಟಿನಲ್ಲಿ ಅನ್ನ ಒಣಗಿಹೋಗಿತ್ತು. ನೂಲು ಮುಗಿದದ್ದರಿಂದ ಹುಟ್ಟಿದ ಗುರುತು. ಲೋಕದಲ್ಲಿ ಎಷ್ಟು ಕೋಟಿ ಚಿತ್ರಗಳು ದಿನವೂ ಆ ಹಗ್ಗಕ್ಕೆ ಬೀಳುತ್ತವೋ. ಅಷ್ಟರ ನಡುವೆ ಎರಡು ಸಂದೂಕಗಳು ಒಂದನ್ನೊಂದು ಗುರುತು ಹಿಡಿದಿದ್ದವು.

ಮುಂದಿನ ರವಿವಾರ ತಮ್ಮ ಕಾರು ತೆಗೆದ. ಅವ್ವ, ದೊಡ್ಡವ್ವ, ನಾನು, ಮಗಳು. ಅಮೀನಗಡ, ಗುಳೇದಗುಡ್ಡ ದಾಟಿದೆವು. ಅವ್ವನಿಗೆ ಏನು ನೆನಪಾಗುತ್ತಿದೆ, ಏನು ಆಗುತ್ತಿಲ್ಲ ಎಂದು ಆಕೆಯ ಮುಖದಿಂದ ತಿಳಿಯುತ್ತಿರಲಿಲ್ಲ. ಬನಶಂಕರಿಯ ಗುಡಿ ದಾಟುವಾಗ ಮಾತ್ರ, "ಇಲ್ಲಿ ಬಂದಿದ್ದೆ ನಾ, ದಿನಾ ತುಂಬಿದ ಮ್ಯಾಲ, ಒಂದ ಶುಕ್ರವಾರ," ಎಂದಳು. ದೊಡ್ಡವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಕೌದಿ ಹೊಲಿದ ಮುದುಕಿ ಇನ್ನೂ ಗಟ್ಟಿಯಾಗಿದ್ದಳು. ಹಣೆಗೆ ಬೀರಪ್ಪ ದೇವರ ಅರಿಶಿನ ಭಂಡಾರ, ಹೆಗಲ ಮೇಲೆ ಕಂಬಳಿ, ಕಣ್ಣು ಮಾತ್ರ ಮಂಜು. ಸೊಸೆ ಚಾಪೆ ಹಾಸಿ ನೀರು ಕೊಟ್ಟಳು. ಕೌದಿ ಮುದುಕಿಯ ತೊಡೆಯ ಮೇಲಿತ್ತು. ತಮ್ಮ ಕೈ ಚಾಚಿದ. ಆಕೆ ಕೊಡಲಿಲ್ಲ.

"ಯಾರದು ಗುರುತು?"

"ನಂದ್ರಿ ಯವ್ವಾ," ಎಂದಳು ಅವ್ವ.

"ಎಲ್ಲಾರೂ ನಂದ ಅಂತಾರ. ಹಾಕಿ ತೋರಸು."

ಸೊಸೆ ಒಂದು ಕೆಂಪು ಬಟ್ಟೆಯ ಚೂರು, ಸೂಜಿ, ಬಿಳಿ ನೂಲು ತಂದಿಟ್ಟಳು. ನನ್ನ ಮಗಳು ನನ್ನ ಕಿವಿಯಲ್ಲಿ "ಪಾಸ್‌ವರ್ಡ್ ಕೇಳಾಕತ್ತಾಳ ಬೇ" ಎಂದಳು, ಆದರೆ ಅವಳ ದನಿಯಲ್ಲಿ ನಗೆ ಇರಲಿಲ್ಲ. ಅವ್ವನ ಕೈ ಈಗ ನಡುಗುತ್ತದೆ. ಚಹಾದ ಬಸಿಯನ್ನು ಎರಡೂ ಕೈಯಲ್ಲಿ ಹಿಡಿಯುತ್ತಾಳೆ. ಸೂಜಿಗೆ ನೂಲು ಪೋಣಿಸಲು ಆಗಲಿಲ್ಲ, ದೊಡ್ಡವ್ವ ಸೂಜಿ ಇಸಿದುಕೊಂಡು ಪೋಣಿಸಿ ಕೊಟ್ಟಳು. ಬಟ್ಟೆಗೆ ಸೂಜಿ ತಾಗಿದ್ದೇ ಅವ್ವನ ಬೆರಳು ನಡುಗುವುದನ್ನು ಮರೆತವು. ತುಟಿ ಎಳೆ ಎಣಿಸುತ್ತಿತ್ತು. ಕಟ್ಟೆ ಎದ್ದಿತು, ಬಲದ ಮೆಟ್ಟಿಲು ಮೂರು ಇಳಿದವು, ಸೂಜಿ ಎಡಕ್ಕೆ ಬಂತು, ಒಂದು, ಎರಡು, ಅಲ್ಲಿ ತಾನಾಗಿ ನಿಂತಿತು.

ಮುದುಕಿ ಆ ಚೂರನ್ನು ಇಸಿದುಕೊಂಡು ಹೆಬ್ಬೆರಳಿನಿಂದ ಸವರಿದಳು. ಇನ್ನೊಂದು ಹೆಬ್ಬೆರಳು ಕೌದಿಯ ಮೂಲೆಯ ಮೇಲಿತ್ತು. ಎರಡೂ ಬೆರಳು ಒಟ್ಟಿಗೆ ಮೆಟ್ಟಿಲು ಇಳಿದವು.

"ಬಂದಿಯೇನವ್ವಾ," ಎಂದಳು. "ಎಷ್ಟ ತಡಾ ಮಾಡಿದೆ."

ಆಮೇಲೆ ಆಕೆಯೇ ಹೇಳಿದಳು. ಒಂದು ಶುಕ್ರವಾರ ಗುಡಿಯ ಕಡೆಯಿಂದ ಹೊಟ್ಟೆ ತುಂಬಿಕೊಂಡ ಹೆಂಗಸೊಬ್ಬಳು ಒಬ್ಬಳೇ ಬಂದು ಗಂಟು ಕೊಟ್ಟಳು. ಹುಟ್ಟುವ ಕೂಸಿಗೆ ಕೌದಿ ಬೇಕು, ಒಳಗೆ ನಮ್ಮತ್ತೆಯ ಹಳೆ ಸೀರೆ ಇಟ್ಟಿದ್ದೇನೆ, ಹಿರಿಯರ ಸೀರೆ ಕೂಸಿನ ಮೈಗೆ ತಾಗಲಿ ಎಂದಳು. ಹೆಸರು ಕೇಳುವ ಪದ್ಧತಿ ಮುದುಕಿಯದಲ್ಲ. ಒಬ್ಬಳ ಗಂಟಿನಿಂದ ಒಂದೇ ಕೌದಿ, ಇನ್ನೊಬ್ಬಳ ಬಟ್ಟೆ ಅದರಲ್ಲಿ ಬೆರೆಸುವುದಿಲ್ಲ, ಗಂಟಿನೊಳಗೆ ಗುರುತಿನ ಮೂಲೆ ಇದ್ದರೆ ಅದನ್ನು ಹೊರಗೆ ಕಾಣುವಂತೆ ಹೊಲಿಯುವುದು. ಅದೇ ಆಕೆಯ ಲೆಕ್ಕಪುಸ್ತಕ.

"ಗಂಟ ಬಿಚ್ಚಿ ನೋಡತೇನಿ, ಸೀರಿ ಹಳೇದಲ್ಲ. ಒಂದ ಸಲಾ ಉಟ್ಟಿದ್ದೀತು ಅಷ್ಟ. ಕತ್ತರಿ ಹಾಕಾಕ ಕೈ ಬರಲಿಲ್ಲವ್ವಾ. ಇಡೀ ಸೀರಿ ಮಡಿಚಿ ತಳಕ್ಕ ಕೊಟ್ಟು, ಮ್ಯಾಲ ಉಳಿದ ಅರಿವಿ ಹಚ್ಚಿದ್ನಿ. ಕೂಸಿನ ಕೌದಿ ಹೋಗಿ ದೊಡ್ಡವರದಾತು. ಬಂದಾಗ ಕೇಳೂಣು ಅಂದ್ರ ನೀ ಬರಲೇ ಇಲ್ಲ."

ಅವ್ವ ಕೌದಿಯನ್ನು ಮಗುಚಿದಳು. ಮೇಲೆ ನನ್ನ ಹಳದಿ ಫ್ರಾಕಿನ ತುಂಡು, ಅಪ್ಪನ ಅಂಗಿಯ ಗೀರು, ಅವ್ವನದೇ ಕುಪ್ಪಸಗಳು. ಕೆಳಗೆ ತುಂಬಾ, ಸಾವಿರ ಸಾವಿರ ಹೊಲಿಗೆಯ ಟಾಕಿಯ ಅಡಿಯಲ್ಲಿ, ಬಣ್ಣ ಮಾಸದ ದಾಳಿಂಬೆ ಕೆಂಪು. ಧಾರೆ ಸೀರೆ.

ಆಗಿದ್ದು ಇಷ್ಟು. ತವರಿಗೆ ಹೊರಟ ದಿನ ನಸುಕಿನಲ್ಲಿ, ಬಸ್ಸು ತಪ್ಪೀತೆಂಬ ಗಡಿಬಿಡಿಯಲ್ಲಿ, ಅವ್ವ ಟ್ರಂಕಿನಿಂದ ಆಯಿಯ ಸೀರೆ ತೆಗೆಯುವ ಬದಲು ಕೈಗೆ ಸಿಕ್ಕ ಕೆಂಪನ್ನು ಎಳೆದು ಗಂಟು ಕಟ್ಟಿದ್ದಳು. ಮೂಲೆ ತಿರುವಿ ನೋಡಲಿಲ್ಲ. ಇಡೀ ಮನೆಗೆ ಗುರುತಿನ ಶಿಸ್ತು ಇದ್ದೂ ಒಂದು ಸಲ, ಒಂದೇ ಸಲ, ಮೂಲೆ ತಿರುವಲಿಲ್ಲ. ಜ್ವರ ಬಂದು ಕೌದಿಯ ನೆನಪೇ ಅಳಿಸಿಹೋಯಿತು. ಟ್ರಂಕಿನಲ್ಲಿ ಉಳಿದುಹೋ​ದ ಆಯಿಯ ಹಳೆ ಸೀರೆಯನ್ನು ಯಾರು ಎಣಿಸಿಟ್ಟಿದ್ದರು?

"ಇಷ್ಟ ವರ್ಷ ಒಬ್ಬರೂ ಹೊದ್ದಿಲ್ಲೇನ್ರಿ ಇದನ್ನ?" ಎಂದು ನನ್ನ ಮಗಳು ಕೇಳಿದಳು.

"ಅದ್ಹೆಂಗ ಹೊದಿಯಾಕ ಬರತೈತಿ?" ಎಂದಳು ಮುದುಕಿ, ಹುಡುಗಿಗೆ ತಲೆ ಸರಿ ಇದೆಯೇ ಎಂಬಂತೆ. "ಗುರುತೈತಲ್ಲ ಅದರ ಮ್ಯಾಗ."

ಸೊಸೆ ಹೇಳಿದಳು, ಪ್ರತಿ ಮಹಾನವಮಿಗೆ ತಮ್ಮ ಹಾಸಿಗೆಗಳನ್ನು ಒಗೆಯುವ ದಿನ ಅತ್ತೆ ಇದನ್ನೂ ಹೊರಗೆ ತಂದು ಬಿಸಿಲಿಗೆ ಹಾಕುತ್ತಾಳೆ. ಬೇವಿನೆಲೆ ಬದಲಿಸಿ, ಭಂಡಾರ ಉದುರಿಸಿ, ಮತ್ತೆ ಸಂದೂಕಕ್ಕೆ ಇಡುತ್ತಾಳೆ. ಒಂದು ಚಳಿಗಾಲ ಮನೆಯಲ್ಲಿ ಹೊದಿಕೆ ಸಾಲದೆ ಮಕ್ಕಳನ್ನು ಕುರಿಮರಿಗಳ ಜೊತೆ ಮಲಗಿಸಿದ್ದಳಂತೆ. ಇದನ್ನು ಮಾತ್ರ ತೆಗೆದಿರಲಿಲ್ಲ. ನಮ್ಮ ಟ್ರಂಕಿಗೆ ಬಿಸಿಲು ತೋರಿಸುತ್ತಿದ್ದ ಅದೇ ದಿನಗಳಲ್ಲಿ ಇಲ್ಲಿ ಅವ್ವನ ಸೀರೆಯೂ ಬಿಸಿಲು ಕಾಣುತ್ತಿತ್ತು.

ಮುದುಕಿ ಬಾಗಿಲ ಕಡೆ ಮುಖ ಎತ್ತಿ, "ಆ ಕೂಸ ಏನಾತವ್ವಾ?" ಎಂದು ಕೇಳಿದಳು.

ತಮ್ಮ ಮುಂದೆ ಬಂದು ಕೂತ. ಆಕೆ ಅವನ ಮುಖ ಸವರಿದಳು.

"ಅಯ್ಯ ಶಿವನ, ಮೀಸಿ ಬಿಟ್ಟೈತಿ ಕೂಸು!"

ಎಲ್ಲರೂ ನಕ್ಕೆವು, ಅವ್ವ ಒಬ್ಬಳು ನಗಲಿಲ್ಲ. ಆಕೆ ದೊಡ್ಡವ್ವನ ಕಡೆ ತಿರುಗಿದ್ದಳು. ದೊಡ್ಡವ್ವ ಕೌದಿಯ ತಳವನ್ನು ಅಂಗೈಯಿಂದ ಒಂದು ಸಲ ಸವರಿ, "ಚೊಲೋ ಐತಿ ಸೀರಿ," ಎಂದಷ್ಟೇ ಅಂದಳು. ಆಕೆ ತೋರಿಸಬೇಕೆಂದಿದ್ದದ್ದು ತಾನಾಗಿ ತೋರಿತ್ತು.

ಕೌದಿ ತೆಗೆದುಕೊಂಡು ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಅವ್ವ ಸೀರೆಯನ್ನೂ ಬದಲಿಸದೆ ತಮ್ಮನನ್ನು ಅಟ್ಟ ಹತ್ತಿಸಿ ಆ ಸ್ಟೀಲಿನ ಕೊಡ ಇಳಿಸಿದಳು. ಹಿತ್ತಲಲ್ಲಿ ಕೂತು ತಾನೇ ಬೆಳಗಿದಳು. ನಲ್ಲಿಗೆ ಹಿಡಿದು ತುಂಬಿಸಿ, ಅಡುಗೆಮನೆಗೆ ತಂದು, ಎಲ್ಲರ ಎದುರಿಗೆ ಒಂದು ಲೋಟ ಬಗ್ಗಿಸಿ ಕುಡಿದಳು. ದೊಡ್ಡವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಹೆಂಗದಾವ ನೀರು?"

"ಸೀರಿ ವಾಸನಿ ಬರವಲ್ದು ಅಕ್ಕಾ," ಎಂದಳು ಅವ್ವ, ಮತ್ತು ಲೋಟ ಕೆಳಗಿಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಇನ್ನೊಂದು ಲೋಟ ಕುಡಿ," ಎಂದಳು ದೊಡ್ಡವ್ವ. "ಅಷ್ಟ ವರ್ಷದ್ದು ಬಾಕಿ ಐತಿ."

ಹತ್ತು ದಿನದ ಮೇಲೆ ಹಿಂಗಾರಿ ಮಳೆ ಬಂತು. ತಮ್ಮನ ಹೆಂಡತಿ ಫೋನಿನಲ್ಲಿ ಹೇಳಿದಳು. ಅವ್ವ ಪಕ್ಕದ ಮನೆಗೆ ಹೋಗಿದ್ದಳಂತೆ. ದೊಡ್ಡವ್ವ ಹಿತ್ತಲಿಗೆ ಹೋಗಿ ಮೊದಲು ತನ್ನ ಸೀರೆ ತೆಗೆದಳು, ಮಕ್ಕಳ ಬಟ್ಟೆ ತೆಗೆದಳು, ಹಗ್ಗದ ಕೊನೆಯಲ್ಲಿದ್ದ ಸೀರೆಯ ಮೂಲೆ ತಿರುವಿ ನೋಡಿದಳು. ಅದನ್ನೂ ತೆಗೆದುಕೊಂಡು ಒಳಗೆ ಬಂದು, ಮಡಿಸಿ, ಅವ್ವನ ಹಾಸಿಗೆಯ ಮೇಲೆ ಇಟ್ಟಳು.